ಬೆಳ್ಳಿಯ ಊರಿನಲ್ಲಿ ಚಿಲ್ಲರೆಗೆ ಬರ

ಎಳನೀರಿನ ಗಾಡಿಯಿಂದ ಹೂವಿನ ಬುಟ್ಟಿಯವರೆಗೆ ಎಲ್ಲೆಡೆಯೂ ಮೊಬೈಲ್ ತೋರಿಸಿ ಹಣ ಕೊಡುವುದು ರೂಢಿಯಾದ ಮೇಲೆ ನಾವು ಜೇಬಿನಲ್ಲಿ ನಾಣ್ಯ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದೇವೆ. ಹಾಗೆ ಬರಿಗೈಯಲ್ಲಿ ಯುರೋಪಿಗೆ ಹೋದವರನ್ನು ಅಲ್ಲಿನ ಸಾರ್ವಜನಿಕ ಶೌಚಾಲಯಗಳು ಬಾಗಿಲಲ್ಲೇ ತಡೆದು ನಿಲ್ಲಿಸುತ್ತವೆ. ನನ್ನನ್ನು ತಡೆದದ್ದು ಜೆಕ್ ದೇಶದ ಕುಟ್ನಾ ಹೊರಾದಲ್ಲಿ, ಅಂದರೆ ಒಂದು ಕಾಲಕ್ಕೆ ಮಧ್ಯ ಯುರೋಪಿಗೆಲ್ಲ ಬೆಳ್ಳಿ ನಾಣ್ಯ ಹೊಡೆದುಕೊಟ್ಟ ಊರಿನಲ್ಲಿ!

ಪ್ರಾಗಿನಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದ ಈ ಪುಟ್ಟ ಪಟ್ಟಣಕ್ಕೆ ನನ್ನನ್ನು ಎಳೆದೊಯ್ದವರು ನಾಣ್ಯ ಸಂಗ್ರಹದ ಹುಚ್ಚಿರುವ ನಮ್ಮ ಭಾವನವರು. ಮುಖ್ಯ ರೈಲು ನಿಲ್ದಾಣವಿರುವುದು ಸೆಡ್ಲೆಟ್ಸ್ ಎಂಬ ಹೊರವಲಯದಲ್ಲಿ. ಹಳೆಯ ಪೇಟೆ ಅಲ್ಲಿಂದ ಇನ್ನೂ ಎರಡು ಮೂರು ಕಿಲೋಮೀಟರ್. ಇಳಿದವರು ಮೊದಲು ನೋಡುವುದು ಮೂಳೆಗಳ ಚಾಪೆಲ್ ಅನ್ನು. ಕನಿಷ್ಠ 40,000 ಜನರ ಅಸ್ಥಿಗಳು ಅಲ್ಲಿವೆ. ಅವುಗಳಿಂದ 1870ರಲ್ಲಿ ತೂಗುದೀಪವನ್ನೂ ಶ್ವಾರ್ಜೆನ್‌ಬರ್ಗ್ ಎಂಬ ಸಿರಿವಂತ ಜಮೀನುದಾರ ಮನೆತನದ ಲಾಂಛನವನ್ನೂ ಜೋಡಿಸಿದ ಫ್ರಾಂಟಿಶೆಕ್ ರಿಂಟ್ ಎಂಬ ಮರಗೆಲಸದವನು ತನ್ನ ಹೆಸರನ್ನೂ ಮೂಳೆಗಳಲ್ಲೇ ಬರೆದಿಟ್ಟಿದ್ದಾನೆ. ಪ್ಲೇಗಿಗೂ ಯುದ್ಧಕ್ಕೂ ಬಲಿಯಾದ ಅಷ್ಟು ಜನರ ನಡುವೆ ಓದಲು ಸಿಗುವ ಹೆಸರು ಅವನದೊಂದೇ. ಅವರಲ್ಲಿ ಎಷ್ಟು ಮಂದಿ ಗಣಿಗಿಳಿದಿದ್ದರೋ, ಎಷ್ಟು ಮಂದಿ ತಾವೇ ಅಗೆದ ಬೆಳ್ಳಿಯ ನಾಣ್ಯವನ್ನು ಕೈಯಲ್ಲಿ ಹಿಡಿದಿದ್ದರೋ ಎಂದುಕೊಂಡಾಗ ಮನಸ್ಸು ಭಾರವಾಯಿತು. ಭಾವನವರು ಮಾತ್ರ ಟಿಕೆಟಿಗೆ ಬಂದ ಚಿಲ್ಲರೆಯನ್ನು ಬೆಳಕಿಗೆ ಹಿಡಿದು ಇಸವಿ ನೋಡುತ್ತಿದ್ದರು.

ಸಂಕಟ ಶುರುವಾದದ್ದು ಹಳೆಯ ಪೇಟೆಯಲ್ಲಿ. ಚಳಿಗೆಂದು ಮೇಲಿಂದ ಮೇಲೆ ಕುಡಿದಿದ್ದ ಕಾಫಿ ತನ್ನ ಲೆಕ್ಕ ಕೇಳತೊಡಗಿತ್ತು. ಶೌಚಾಲಯದ ಬಾಗಿಲಿನ ಯಂತ್ರಕ್ಕೆ ಜೆಕ್ ಹಣವಾದ ಕೊರುನಾದಲ್ಲಿ ಹತ್ತರ ನಾಣ್ಯವೇ ಆಗಬೇಕು. ಕಾರ್ಡು, ನೋಟು ಯಾವುದೂ ನಡೆಯದು. ಭಾವನವರ ಕೋಟಿನ ಜೇಬು ಹೆಜ್ಜೆಹೆಜ್ಜೆಗೂ ಝಣಝಣ ಎನ್ನುತ್ತಿತ್ತು. ಕೈಚಾಚಿದೆ. ಅವರು ಒಂದು ನಾಣ್ಯ ತೆಗೆದು, ಎರಡೂ ಬದಿ ತಿರುವಿ ನೋಡಿ, "ಇದರ ಮೇಲೆ ಬ್ರ್ನೋ ಊರಿನ ಕ್ಯಾಥೆಡ್ರಲ್ ಇದೆಯಪ್ಪಾ, ಇಷ್ಟು ಹೊಳಪಿನದು ಮತ್ತೆ ಸಿಗೋದಿಲ್ಲ" ಎಂದು ಒಳಗಿಟ್ಟರು. ಇನ್ನೊಂದು ಇಪ್ಪತ್ತರದು, ಕುದುರೆಯೇರಿದ ಸಂತ ವಾತ್ಸ್ಲಾವ್ ಇರುವ ಕಾರಣ ಅದೂ ಒಳಗೆ ಹೋಯಿತು. ನಾನು ಕಾಲು ಬದಲಿಸುತ್ತ ನಿಂತಿದ್ದಂತೆಯೇ ಅವರಿಗೆ ಇತಿಹಾಸ ಉಕ್ಕಿ ಬಂತು. ಎರಡನೆಯ ವಾತ್ಸ್ಲಾವ್ ದೊರೆ 1300ರಲ್ಲಿ ಫ್ಲಾರೆನ್ಸಿನಿಂದ ತಜ್ಞರನ್ನು ಕರೆಸಿ ನಾಣ್ಯ ಪದ್ಧತಿಯನ್ನೇ ಬದಲಿಸಿದ್ದು, ಆ ಇಟಲಿಯವರಿಂದಾಗಿ ಟಂಕಸಾಲೆಗೆ ಇಂದಿಗೂ ಇಟಾಲಿಯನ್ ಕೋರ್ಟ್ ಎಂಬ ಹೆಸರು ಉಳಿದಿರುವುದು, ಪ್ರಾಗ್ ಗ್ರೋಶ್ ಎಂಬ ಆ ಬೆಳ್ಳಿ ನಾಣ್ಯವನ್ನು ಒಂದೊಂದಾಗಿ ಸುತ್ತಿಗೆಯಿಂದ ಬಡಿದು 1547ರವರೆಗೂ ಹೊಡೆಯುತ್ತಿದ್ದುದು, ಎಲ್ಲವನ್ನೂ ಅವರು ಆ ಬಾಗಿಲಿನ ಮುಂದೆಯೇ, ಅಡ್ಡಾದಿಡ್ಡಿ ಸುತ್ತಿಗೆ ಬೀಸಿ ತೋರಿಸುತ್ತ ವಿವರಿಸಿದರು. "ಭಾವ, ಮೊದಲು ನಾಣ್ಯ ಕೊಡಿ, ಆಮೇಲೆ ಹೊಡೆಯಿರಿ" ಎಂದು ಅಂಗಲಾಚಿದೆ. ಕಡೆಗೆ, ನಮ್ಮಜ್ಜಿಯ ಪೆಟ್ಟಿಗೆಯಲ್ಲಿರುವ ಆನೆ ಚಿತ್ರದ ಮೈಸೂರು ಕಾಸನ್ನು ಬದಲಿಗೆ ಕೊಡುವುದಾಗಿ ಮಾತು ಕೊಟ್ಟ ಮೇಲೆಯೇ, ಇದ್ದುದರಲ್ಲಿ ಮಸುಕಾದ ಒಂದು ಹತ್ತು ಕೊರುನಾ ನನ್ನ ಅಂಗೈಗೆ ಬಿತ್ತು.

ಆಮೇಲೆ ನೋಡಿದ ಸಂತ ಬಾರ್ಬರಾಳ ಚರ್ಚು ನಿಜಕ್ಕೂ ಭವ್ಯವಾಗಿತ್ತು, ಅಥವಾ ಹಗುರಾದ ದೇಹಕ್ಕೆ ಹಾಗೆ ಕಂಡಿತು. ಗಣಿಗಾರರನ್ನು ಕಾಯುವ ಸಂತಳಿಗಾಗಿ 1388ರಲ್ಲಿ ಶುರುವಾದ ಕಟ್ಟಡ ಮುಗಿದದ್ದು 1905ರಲ್ಲಿ. ನಡುವೆ ಯುದ್ಧ ಬಂತು, ಬೆಳ್ಳಿಯ ವರಮಾನವೂ ಬತ್ತಿತು. ದೇವರ ಮನೆಗೇ ಚಿಲ್ಲರೆ ಸಾಲದಿದ್ದಾಗ ನನ್ನದು ಯಾವ ಲೆಕ್ಕ ಎಂದು ಸಮಾಧಾನ ಮಾಡಿಕೊಂಡೆ. ಗೋಡೆಯ ಹಳೆಯ ಚಿತ್ರದಲ್ಲಿ ಟಂಕಸಾಲೆಯ ಕೆಲಸಗಾರ ನಾಣ್ಯ ಹೊಡೆಯುತ್ತಿದ್ದ. ಭಾವನವರು ಅವನೆದುರು ಕೈಕಟ್ಟಿ ನಿಂತರು. ಬಲಿಪೀಠದ ಮುಂದೆ ಅಷ್ಟು ಹೊತ್ತು ನಿಂತಿರಲಿಲ್ಲ.

ಊರಿಗೆ ಮರಳಿದ ಮೇಲೆ ಅವರು ಫೋನಿನಲ್ಲಿ ನನ್ನ ಕ್ಷೇಮ ವಿಚಾರಿಸುವುದನ್ನು ನಿಲ್ಲಿಸಿದ್ದಾರೆ. ನೇರವಾಗಿ ಅಜ್ಜಿಯ ಪೆಟ್ಟಿಗೆಯ ವಿಷಯಕ್ಕೇ ಬರುತ್ತಾರೆ. ಕಾಸು ಇನ್ನೂ ಸಿಕ್ಕಿಲ್ಲ. ಸಿಕ್ಕರೂ, ಆ ಬಾಗಿಲಿನ ಮುಂದೆ ನಾನು ನಿಂತಷ್ಟು ಹೊತ್ತಾದರೂ ಅವರನ್ನು ಕಾಯಿಸದೆ ಕೊಡುವವನಲ್ಲ.