ರೂಸ್‌ವೆಲ್ಟ್‌ಗೆ ವಿಭೂತಿ

ನಮ್ಮ ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯೋ ಮೆಷಿನ್ನು ಕ್ವಾರ್ಟರ್, ಅಂದರೆ ಇಪ್ಪತ್ತೈದು ಸೆಂಟಿನ ನಾಣ್ಯ, ಬಿಟ್ಟು ಬೇರೇನೂ ಮುಟ್ಟಲ್ಲ. ಹಾಗಾಗಿ ಒಹಾಯೋದ ಕೊಲಂಬಸ್ಸಿಗೆ ಬಂದ ಆರು ವರ್ಷದಲ್ಲಿ ಕ್ವಾರ್ಟರೆಲ್ಲ ಬನಿಯನ್ನು ಟವೆಲ್ಲಿಗೆ ಖರ್ಚಾಗಿ, ಡೈಮುಗಳು ಮಾತ್ರ ಹಾರ್ಲಿಕ್ಸ್ ಬಾಟಲಿಯಲ್ಲಿ ಉಳಿದುಕೊಂಡವು. ಡೈಮ್ ಅಂದರೆ ಹತ್ತು ಸೆಂಟು. ಅಮೆರಿಕದ ಚಿಲ್ಲರೆಯಲ್ಲೇ ಚಿಕ್ಕದು, ಐದು ಸೆಂಟಿನ ನಾಣ್ಯಕ್ಕಿಂತಲೂ ಚಿಕ್ಕದು. ಸಾಲದ್ದಕ್ಕೆ ಅದರ ಮೇಲೆ ಎಲ್ಲೂ 10 ಅಂತ ಇಲ್ಲ, ‘ಒನ್ ಡೈಮ್’ ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ. ಬಂದ ಹೊಸದರಲ್ಲಿ ಇದನ್ನು ಐದು ಸೆಂಟು ಅಂದುಕೊಂಡು ಎಷ್ಟು ಅಂಗಡಿ ಉದ್ಧಾರ ಮಾಡಿದ್ದೀನೋ, ಲೆಕ್ಕ ಇಲ್ಲ.

ಒಂದು ರಾತ್ರಿ ನಿದ್ದೆ ಬಾರದೆ ಫೋನು ನೋಡ್ತಾ ಇದ್ದೆ. 1975ರ ಒಂದು ಡೈಮು 2024ರಲ್ಲಿ ಹರಾಜಾಗಿ 5 ಲಕ್ಷ ಡಾಲರಿಗೂ ಜಾಸ್ತಿ ತಂದಿತಂತೆ. ಕಾರಣ? ಅದರ ಮೇಲೆ ಇರಬೇಕಾದ ‘ಎಸ್’ ಅನ್ನೋ ಅಕ್ಷರ ಇರಲಿಲ್ಲ. ಅಷ್ಟೇ! ನಾನು ಎದ್ದು, ಅಮ್ಮ ಪಂಚಾಂಗ ಓದೋಕೆ ಊರಿಂದ ತಂದಿದ್ದ ಭೂತಕನ್ನಡಿ ಹುಡುಕಿ, ಬಾಟಲಿಯನ್ನು ಡೈನಿಂಗ್ ಟೇಬಲ್ಲಿನ ಮೇಲೆ ಸುರುವಿದೆ. ಅರ್ಧ ಗಂಟೆಯಲ್ಲಿ 1975ರ ಡೈಮು ಸಿಕ್ಕಿತು. ಎಸ್ ಇಲ್ಲ. ಯಾವ ಅಕ್ಷರವೂ ಇಲ್ಲ!

‘ಏಳೇ, ಲಾಟರಿ ಹೊಡೀತು’ ಅಂತ ಹೆಂಡತಿಯನ್ನು ಎಬ್ಬಿಸಿದೆ. ‘ರೀ, ಟೈಮೆಷ್ಟು ಗೊತ್ತಾ?’ ಅಂತ ಬೈದುಕೊಂಡೇ ಬಂದವಳು, ಸಂಖ್ಯೆ ಕೇಳಿದ ಮೇಲೆ ಕುಳಿತಳು. ಎರಡು ಗಂಟೆಗೆ ಮನೆ ಕೊಳ್ಳೋದು ನಿಶ್ಚಯವಾಯ್ತು, ಅಡುಗೆಮನೆ ಕಿಟಕಿ ಯಾವ ದಿಕ್ಕಿಗೆ ಅನ್ನೋದರಲ್ಲಿ ಮಾತ್ರ ಒಮ್ಮತ ಬರಲಿಲ್ಲ. ನಾಣ್ಯವನ್ನು ದೇವರ ಮುಂದೆ ಕುಂಕುಮದ ಬಟ್ಟಲಲ್ಲಿ ಇಟ್ಟು ಮಲಗಿದೆವು.

ಬೆಳಿಗ್ಗೆ ಪೂರ್ತಿ ಓದಿದಾಗ ಗೊತ್ತಾಗಿದ್ದು ಬೇರೆ. ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆ. ಸಂಗ್ರಹಕಾರರಿಗೆ ಅಂತಲೇ ಕನ್ನಡಿ ಥರ ಹೊಳೆಯೋ ಪ್ರೂಫ್ ನಾಣ್ಯಗಳನ್ನು ಅಲ್ಲಿ ಹೊಡೀತಿದ್ದರು. ಅವುಗಳಲ್ಲಿ ಎಸ್ ತಪ್ಪಿಹೋದವು ಬೆಲೆಬಾಳುತ್ತವೆ. 1975ರದ್ದು ಗೊತ್ತಿರೋದು ಬರೀ ಎರಡು. ನಮ್ಮ ದೇವರ ಮುಂದಿದ್ದದ್ದು ಫಿಲಡೆಲ್ಫಿಯಾದ್ದು. 1980ಕ್ಕೆ ಮುಂಚೆ ಫಿಲಡೆಲ್ಫಿಯಾದವರು ಡೈಮಿಗೆ ಅಕ್ಷರ ಹಾಕುತ್ತಲೇ ಇರಲಿಲ್ಲ! ಆ ವರ್ಷ ಅಂಥವು 58 ಕೋಟಿಗೂ ಹೆಚ್ಚು ಹೊರಬಂದಿವೆ. ಹತ್ತು ಸೆಂಟಿಗೆ ರಾತ್ರಿಯೆಲ್ಲ ವಾಸ್ತು ನೋಡಿದ್ದೆವು.

ಸರಿ, ಆಸೆ ಒಂದು ಸಲ ಹತ್ತಿದರೆ ಇಳಿಯುತ್ತಾ? 1982 ಹುಡುಕಲು ಶುರುಮಾಡಿದೆ. ಆ ಹೊತ್ತಿಗೆ ಫಿಲಡೆಲ್ಫಿಯಾದವರು ‘ಪಿ’ ಹಾಕಲು ಶುರುಮಾಡಿದ್ದರು, ಆದರೆ ಆ ವರ್ಷ ಯಾರೋ ಅಚ್ಚಿಗೆ ಪಿ ಹೊಡೆಯೋದನ್ನೇ ಮರೆತಿದ್ದಾರೆ. ಹಾಗೆ ಮೈಗೆ ಅಕ್ಷರವಿಲ್ಲದೆ ಬಂದ 1982ರ ಡೈಮಿಗೆ ಇವತ್ತಿಗೂ ಗಿರಾಕಿ ಇದ್ದಾರೆ. ಅವು ಆಗ ಜಾಸ್ತಿ ಸಿಕ್ಕಿದ್ದು ನಮ್ಮ ಒಹಾಯೋದಲ್ಲೇ, ಸ್ಯಾಂಡಸ್ಕಿಯ ಸೀಡರ್ ಪಾಯಿಂಟ್ ಅನ್ನೋ ರೋಲರ್ ಕೋಸ್ಟರ್ ಪಾರ್ಕಿನ ಚಿಲ್ಲರೆಯಲ್ಲಿ. ಹೋದ ಬೇಸಿಗೆಯಲ್ಲಿ ಮಕ್ಕಳನ್ನು ಕರ್ಕೊಂಡು ನಾವೂ ಹೋಗಿದ್ದೆವು. ದುಡ್ಡೆಲ್ಲ ಕಾರ್ಡಲ್ಲಿ ಕೊಟ್ಟಿದ್ದೆ. ಬಾಟಲಿಯಲ್ಲಿ 1982ರವು ನಾಲ್ಕು ಸಿಕ್ಕವು. ಮೂರರಲ್ಲಿ ಪಿ, ಒಂದರಲ್ಲಿ ಡೆನ್ವರ್ ಟಂಕಸಾಲೆಯ ಡಿ. ಒಬ್ಬನೂ ಮರೆತಿರಲಿಲ್ಲ.

ಇಷ್ಟೆಲ್ಲ ನಡೆಯುವಾಗ ಅಮ್ಮ ಸೊಪ್ಪು ಬಿಡಿಸುತ್ತಾ ನೋಡ್ತಾ ಇದ್ದಳು. ‘ಅದೇನೋ ಇರುವೆ ಹುಡುಕಿದ ಹಾಗೆ ಹುಡುಕ್ತೀಯ? ನಿನ್ನ ಹೆಂಡತಿ ಗರಾಜ್ ಸೇಲಿಂದ ತಂದ ಹೊಲಿಗೆ ಡಬ್ಬೀಲಿ ಒಂದು ಬೆಳ್ಳೀದು ಇತ್ತಲ್ಲ, ಗುಂಡಿಗಳ ಕೆಳಗೆ, ಕಾಗದದಲ್ಲಿ ಸುತ್ತಿಟ್ಟಿದ್ದರು’ ಅಂದಳು. ಬೆಳ್ಳಿ ಅಂತ ಹೇಗೆ ಗೊತ್ತಾಯ್ತಮ್ಮ ಅಂದೆ. ‘ಸದ್ದಲ್ಲೇ ಗೊತ್ತಾಗಲ್ವೇನೋ!’

ನಿಜವಾಗಿ ಅದೇ ಸರಿಯಾದ ಪರೀಕ್ಷೆ. 1964ರವರೆಗಿನ ಡೈಮುಗಳಲ್ಲಿ ನೂರಕ್ಕೆ 90 ಭಾಗ ಬೆಳ್ಳಿ. 1965ರಿಂದ ತಾಮ್ರದ ಮೇಲೆ ನಿಕ್ಕಲ್ ಬೆರೆತ ಹೊದಿಕೆ. ಅಂಚು ನೋಡಿದರೆ ಕಂದು ಗೆರೆ ಕಾಣುತ್ತೆ, ಟೇಬಲ್ಲಿಗೆ ಬಡಿದರೆ ಸಪ್ಪೆ ಸದ್ದು. ಬೆಳ್ಳಿಯದ್ದು ಠಣ್ ಅನ್ನುತ್ತೆ. ನಾನು ಭೂತಕನ್ನಡಿ ಹಿಡಿದು ಎರಡು ರಾತ್ರಿ ಕಳೆದಿದ್ದೆ, ಅಮ್ಮನಿಗೆ ಕಿವಿ ಸಾಕಾಗಿತ್ತು.

ಅವಳು ಸೆರಗಿನ ಗಂಟಿಂದ ತೆಗೆದುಕೊಟ್ಟಳು. 1949, ಹಿಂದುಗಡೆ ಪಂಜಿನ ಬುಡದಲ್ಲಿ ಎಸ್! 1946ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಮುಖದ ಡೈಮು ಶುರುವಾಯ್ತಲ್ಲ, ಆ ಸರಣಿಯ ಮಾಮೂಲಿ ನಾಣ್ಯಗಳಲ್ಲಿ ಜನ ಹುಡುಕೋದು ಇದನ್ನೇ. ಮಿರಮಿರ ಮಿಂಚುತ್ತಿತ್ತು. ನೆನ್ನೆ ಟಂಕಸಾಲೆಯಿಂದ ಎದ್ದು ಬಂದ ಹಾಗೆ.

ಶನಿವಾರ ನಾಣ್ಯದಂಗಡಿಗೆ ಹೋದೆ. ಅಲ್ಲಿನ ತಾತ ಅದನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ತಿರುಗಿಸಿದರು. ಪಂಜಿಗೆ ಅಡ್ಡಲಾಗಿ ಮೇಲೊಂದು ಕೆಳಗೊಂದು ಪಟ್ಟಿ ಇವೆ. ಆ ಎರಡೂ ಪಟ್ಟಿಗಳ ಗೆರೆ ಎಲ್ಲೂ ಕೂಡಿಕೊಳ್ಳದೆ ಪೂರ್ತಿ ಬಿದ್ದಿದ್ದರೆ ಬೆಲೆ ಏರುತ್ತಂತೆ. ‘ಪಟ್ಟಿ ಚೆನ್ನಾಗಿವೆ’ ಅಂದರು. ನನ್ನ ತಲೆಯಲ್ಲಿ ಅಡುಗೆಮನೆ ಕಿಟಕಿ ಮತ್ತೆ ತೆರೆದುಕೊಂಡಿತು. ಆಮೇಲೆ ಲೆನ್ಸು ಹಾಕಿ ನೋಡಿ, ಸತ್ತ ಮನೆಗೆ ಬಂದವರ ದನಿಯಲ್ಲಿ ಕೇಳಿದರು, ‘ಇದನ್ನು ತೊಳೆದಿದ್ದೀರಾ?’

ತೊಳೆಯೋದಾ! ಅಮ್ಮ ವಿಭೂತಿ ಹಾಕಿ ಉಜ್ಜಿದ್ದಳು. ನಮ್ಮ ಮನೆಯಲ್ಲಿ ಬೆಳ್ಳಿ ದೀಪ, ಪಂಚಪಾತ್ರೆ, ಎಲ್ಲಕ್ಕೂ ಅದೇ. ಲೆನ್ಸಲ್ಲಿ ನೋಡಿದರೆ ರೂಸ್‌ವೆಲ್ಟರ ಕೆನ್ನೆ ತುಂಬ ಬೆಕ್ಕು ಪರಚಿದ ಹಾಗೆ ಗೀರು, ಕಿವಿಯೊಳಗೆ ಇನ್ನೂ ಚೂರು ಬಿಳಿ ಪುಡಿ. ಇವರು ನಾಣ್ಯಕ್ಕೆ 70ಕ್ಕೆ ಇಷ್ಟು ಅಂತ ಅಂಕ ಕೊಡ್ತಾರೆ, ಉಜ್ಜಿದ್ದಕ್ಕೆ ಮಾತ್ರ ಅಂಕವೇ ಇಲ್ಲ, ‘ತೊಳೆದದ್ದು’ ಅಂತ ಷರಾ ಬರೆದುಬಿಡ್ತಾರೆ. ಕಪ್ಪಗಾಗಿದ್ದರೂ ಪರವಾಗಿಲ್ಲ, ಕೆಲವರು ಆ ಕಪ್ಪಿಗೇ ಜಾಸ್ತಿ ಕೊಡ್ತಾರಂತೆ. ಈ ಮಾತು ನಮ್ಮಮ್ಮನಿಗೆ ಹೇಳೋ ಧೈರ್ಯ ಯಾರಿಗಿದೆ?

ಅದರಲ್ಲಿರೋದು ಎರಡೂಕಾಲು ಗ್ರಾಂ ಬೆಳ್ಳಿ. ಆ ದಿನದ ರೇಟಿನ ಲೆಕ್ಕದಲ್ಲಿ ತಾತ ಎಣಿಸಿಕೊಟ್ಟರು, ಕೊನೆಯ ಚಿಲ್ಲರೆಯನ್ನು ಡೈಮುಗಳಲ್ಲೇ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ‘ಎಷ್ಟು ಕೊಟ್ಟನೋ?’ ಬೆಳ್ಳಿ ರೇಟು ಕೊಟ್ಟರಮ್ಮ ಅಂದೆ. ಮುಖ ಅರಳಿತು. ‘ನೋಡಿದ್ಯಾ, ಹತ್ತು ಪೈಸೇದಕ್ಕೆ ಅಷ್ಟು ಸಿಕ್ತು. ತಿಕ್ಕಿ ಕೊಟ್ಟಿದ್ದಕ್ಕೇ ಬೆಲೆ ಬಂತು’ ಅಂದವಳು ಒಳಗೆ ಹೋಗಿ ಸೆರಗು ಸಿಕ್ಕಿಸಿಕೊಂಡು ಕೂತಳು. ‘ಆ ಹಾರ್ಲಿಕ್ಸ್ ಬಾಟ್ಲೀನೂ ಇಲ್ಲಿ ತಾ. ವಿಭೂತಿ ಇನ್ನೂ ಒಂದು ಗಟ್ಟಿ ಇದೆ.’