ಫ್ರಂಟು, ಬ್ಯಾಕು, ಎರಡೆರಡು ಕಾಪಿ

ಸೋಮವಾರ ಬೆಳಿಗ್ಗೆ ಬ್ಯಾಂಕಿನಿಂದ ಎರಡು ಮೆಸೇಜ್ ಬಂದವು. ನಡುವೆ ನಾಲ್ಕೇ ನಿಮಿಷ. ಮೊದಲನೆಯದರಲ್ಲಿ ನಿಮ್ಮ ವೈಯಕ್ತಿಕ ಮಾಹಿತಿ ಯಾರಿಗೂ ಕೊಡಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅಂತಿತ್ತು. ಎರಡನೆಯದರಲ್ಲಿ ನಿಮ್ಮ ಕೆವೈಸಿ (ಗ್ರಾಹಕರ ಗುರುತಿನ ಪರಿಶೀಲನೆ) ಅವಧಿ ಮುಗಿದಿದೆ, ಖಾತೆ ನಿಂತುಹೋಗಬಹುದು, ಕೂಡಲೇ ಈ ಲಿಂಕ್ ಒತ್ತಿ ಅಂತಿತ್ತು.

ಎರಡರಲ್ಲಿ ಒಂದು ಕಳ್ಳರದ್ದೇ ಇರಬೇಕು ಅಂದುಕೊಂಡೆ. ಯಾವುದು ಅಂತ ಗೊತ್ತಾಗಲಿಲ್ಲ. ಬ್ಯಾಂಕಿಗೇ ಹೋಗಿ ಕೇಳಿದೆ. "ಎರಡೂ ನಮ್ದೇ ಸರ್" ಅಂದರು. ಸ್ವಲ್ಪ ಹೆಮ್ಮೆಯಿಂದಲೇ ಅಂದರು.

ಹೋದವನನ್ನು ಸುಮ್ನೆ ಬಿಡ್ತಾರಾ? "ಹೇಗೂ ಬಂದಿದ್ದೀರಲ್ಲ, ಕೆವೈಸಿ ಮುಗಿಸಿಬಿಡಿ. ಆಧಾರ್, ಪ್ಯಾನ್. ಫ್ರಂಟು, ಬ್ಯಾಕು, ಎರಡೆರಡು ಕಾಪಿ. ಸೆಲ್ಫ್ ಅಟೆಸ್ಟ್ ಮಾಡಿ." ಪ್ಯಾನ್ ಕಾರ್ಡಿನ ಬ್ಯಾಕಿನಲ್ಲಿ ಏನಿದೆ ಅಂತ ಯಾವತ್ತಾದರೂ ನೋಡಿದ್ದೀರಾ? ಈ ಕಾರ್ಡ್ ಯಾರಿಗಾದರೂ ಸಿಕ್ಕಿದರೆ ದಯವಿಟ್ಟು ಮರಳಿಸಿ ಅಂತ ಆದಾಯ ತೆರಿಗೆಯವರ ವಿಳಾಸ ಇದೆ. ನನ್ನ ಗುರುತು ಪತ್ತೆ ಮಾಡಲು ಆ ವಿಳಾಸದ ಎರಡು ಪ್ರತಿ ಬೇಕಂತೆ. ಕೊಟ್ಟೆ. ಇರಲಿ.

ನನ್ನ ಹೆಸರು ಬದಲಾಗಿಲ್ಲ, ಮನೆ ಬದಲಾಗಿಲ್ಲ, ಫೋನ್ ನಂಬರೂ ಅದೇ. ಏನೂ ಬದಲಾಗದಿದ್ದರೆ ಬ್ರಾಂಚಿಗೆ ಬರಬೇಕಿಲ್ಲ, ಬದಲಾಗಿಲ್ಲ ಅಂತ ನೋಂದಾಯಿತ ಮೊಬೈಲಿನಿಂದಲೋ ಇಮೇಲಿನಿಂದಲೋ ಪತ್ರದಲ್ಲೋ ತಿಳಿಸಿದರೆ ಸಾಕು ಅಂತ ರಿಸರ್ವ್ ಬ್ಯಾಂಕ್ 2023ರ ಜನವರಿಯಲ್ಲೇ ಹೇಳಿತ್ತು. ಅದನ್ನು ಮೆಲ್ಲಗೆ ನೆನಪಿಸಿದೆ.

"ಅದು ರಿಸರ್ವ್ ಬ್ಯಾಂಕ್ ಸರ್. ಇದು ಬ್ರಾಂಚು."

ಇದಕ್ಕೆ ಉತ್ತರ ಇದೆಯಾ? ನನ್ನ ಹತ್ತಿರ ಇರಲಿಲ್ಲ.

ಆದರೆ ನಾನೂ ಪತ್ರಿಕೆ ಓದುವ ಜಾತಿ. ಜಾಣತನ ತೋರಿಸದೆ ಇರಲಾರೆ. ಮಾಸ್ಕ್ಡ್ ಆಧಾರ್ ಅಂತ ಒಂದಿದೆಯಲ್ಲ, 12 ಅಂಕಿಯಲ್ಲಿ ಮೊದಲ 8 ಮುಚ್ಚಿ ಕೊನೆಯ 4 ಮಾತ್ರ ತೋರಿಸುವುದು, ಅದನ್ನೇ ಕೊಡೋಣ ಅಂತ ಮೊಬೈಲಿನಲ್ಲಿ ಡೌನ್‌ಲೋಡ್ ಮಾಡಿಕೊಂಡು ಜೆರಾಕ್ಸ್ ಅಂಗಡಿಗೆ ಹೋದೆ.

ನಮ್ಮ ಜೆರಾಕ್ಸ್ ಅಂಗಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅರ್ಧ ಎಳೆದ ಶಟರು, ಒಂದು ಮೆಷಿನ್ನು, ಒಂದು ಹಳೇ ಕಂಪ್ಯೂಟರು, ಅದರ ಮುಂದೆ ಒಬ್ಬ ಹುಡುಗ. ಗೋಡೆಯ ಮೇಲೆ ವಾಟ್ಸ್ಆ್ಯಪ್ ನಂಬರ್ ದೊಡ್ಡದಾಗಿ ಬರೆದಿದೆ. ಊರಿನವರೆಲ್ಲ ಆ ನಂಬರಿಗೆ ತಮ್ಮ ಆಧಾರ್, ಪ್ಯಾನ್, ಪಾಸ್‌ಬುಕ್ಕು, ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲ ಕಳಿಸುತ್ತಾರೆ. ಹುಡುಗ ಪ್ರಿಂಟ್ ತೆಗೆಯುತ್ತಾನೆ. ಫೈಲು ಅಲ್ಲೇ ಉಳಿಯುತ್ತದೆ. ಸ್ಕ್ರೀನಿನ ಮೇಲೆ ವಾಲ್‌ಪೇಪರ್ ಯಾವುದು ಅಂತ ಇವತ್ತಿನವರೆಗೂ ನನಗೆ ಗೊತ್ತಿಲ್ಲ, ಅಷ್ಟು ಫೈಲು. ನ್ಯೂ ಫೋಲ್ಡರ್, ನ್ಯೂ ಫೋಲ್ಡರ್ 2, ನ್ಯೂ ಫೋಲ್ಡರ್ 14. ಮದುವೆಯ ಫೋಟೊದ ಪಕ್ಕ ಯಾರದ್ದೋ ಸಾಲದ ಪತ್ರ, ಅದರ ಪಕ್ಕ ಜಾತಕ. ನಮ್ಮ ಊರಿನ ಇತಿಹಾಸ ಬರೆಯುವವರು ಯಾರಾದರೂ ಇದ್ದರೆ ಗ್ರಂಥಾಲಯಕ್ಕೆ ಹೋಗಬೇಡಿ. ಇಲ್ಲಿಗೆ ಬನ್ನಿ.

ಡೌನ್‌ಲೋಡ್ ಮಾಡಿದ ಆಧಾರ್ ಫೈಲಿಗೆ ಪಾಸ್‌ವರ್ಡ್ ಇರುತ್ತದೆ. ಏನದು? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ಇಸವಿ. ಇದು ಗುಟ್ಟೇನಲ್ಲ. ಡೌನ್‌ಲೋಡ್ ಮಾಡುವಾಗ ಅವರೇ ಹೇಳಿಕೊಡುತ್ತಾರೆ. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಹೂಕುಂಡದ ಕೆಳಗಿದೆ ಅಂತ ಬಾಗಿಲ ಮೇಲೆ ಬರೆದ ಹಾಗೆ. ಅಂಗಡಿಯ ಹುಡುಗ ಕೇಳಿದ, "ಹೆಸರಿನ ಸ್ಪೆಲ್ಲಿಂಗ್ ಹೇಳಿ ಸರ್. ಹುಟ್ಟಿದ್ದು ಯಾವ ಇಸ್ವಿ?" ಮೆಷಿನ್ ಸದ್ದಿಗೆ ಕೇಳಿಸಲಿಲ್ಲ ಅಂತ ಇನ್ನೊಂದು ಸಲ ಕೂಗಿ ಹೇಳಿದೆ. ಸಾಲಿನಲ್ಲಿದ್ದ ಆರು ಜನಕ್ಕೂ ಕೇಳಿಸಿತು. ಅವರದ್ದೂ ನನಗೆ ಕೇಳಿಸಿತ್ತು ಅನ್ನಿ. ಲೆಕ್ಕ ಚುಕ್ತಾ.

ಆಧಾರ್ ಮಾಹಿತಿ ಎಷ್ಟು ಭದ್ರ ಅಂತ 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಬಂದಾಗ ಅಟಾರ್ನಿ ಜನರಲ್ ಅವರು ಕೊಟ್ಟ ಉತ್ತರ ನಿಮಗೆ ನೆನಪಿರಬೇಕು. 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆ ಇದೆ ಅಂದಿದ್ದರು. ನಾನು ಆ ಗೋಡೆಯನ್ನು ಪೂರ್ತಿ ನಂಬುತ್ತೇನೆ. ಚಿತ್ರದುರ್ಗದ ಕೋಟೆಯಂಥ ಗೋಡೆಯೇ ಇರಬಹುದು. ಮೂಲ ಅದರೊಳಗೆ ಬೆಚ್ಚಗಿದೆ. ನಕಲು ಮಾತ್ರ ನ್ಯೂ ಫೋಲ್ಡರ್ 14ರಲ್ಲಿದೆ.

ಅದೇ ವರ್ಷದ ಜುಲೈನಲ್ಲಿ ಇನ್ನೂ ಚೆಂದದ್ದು ನಡೆಯಿತಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಆಗಿನ ಅಧ್ಯಕ್ಷ ಆರ್. ಎಸ್. ಶರ್ಮಾ ಅವರು, ಅದಕ್ಕೂ ಮೊದಲು ಆಧಾರ್ ಪ್ರಾಧಿಕಾರದಲ್ಲೇ ದೊಡ್ಡ ಹುದ್ದೆಯಲ್ಲಿದ್ದವರು, ಟ್ವಿಟರ್‌ನಲ್ಲಿ ತಮ್ಮ ಆಧಾರ್ ನಂಬರ್ ಹಾಕಿ, ಇದರಿಂದ ನನಗೆ ಏನು ತೊಂದರೆ ಮಾಡುತ್ತೀರೋ ಮಾಡಿ ಅಂದರು. ಸಂಜೆಯೊಳಗೆ ಜನ ಅವರ ಫೋನ್ ನಂಬರ್, ವಿಳಾಸ, ಹುಟ್ಟಿದ ದಿನ, ಪ್ಯಾನ್ ಅಂತ ಏನೇನೋ ಹುಡುಕಿ ತಂದು ಸುರಿದರು. ಕೆಲವರು ಅವರ ಖಾತೆಗೆ ಒಂದೊಂದು ರೂಪಾಯಿ ಕಳಿಸಿದರು. ಮನೆಗೆ ನುಗ್ಗಿ ಮೇಜಿನ ಮೇಲೆ ಒಂದು ರೂಪಾಯಿ ಇಟ್ಟು ಹೋಗುವ ಕಳ್ಳರನ್ನು ಬೇರೆ ಯಾವ ದೇಶ ಕಂಡಿದೆ ಹೇಳಿ? ತೊಂದರೆ ಏನೂ ಆಗಿಲ್ಲ ಅಂತ ಅವರು ವಾದಿಸಿದರು. ಆ ಮಾಹಿತಿ ನಮ್ಮಿಂದ ಹೋಗಿಲ್ಲ ಅಂತ ಪ್ರಾಧಿಕಾರ ಹೇಳಿತು. ಮೂರೇ ದಿನಕ್ಕೆ ಅದೇ ಪ್ರಾಧಿಕಾರ, ಯಾರೂ ತಮ್ಮ ಆಧಾರ್ ನಂಬರನ್ನು ಹೀಗೆ ಬಹಿರಂಗವಾಗಿ ಹಾಕಬೇಡಿ ಅಂತ ನಮಗೆಲ್ಲ ಬುದ್ಧಿ ಹೇಳಿತು. ನಮಗೆ! ನಾವು ಎಲ್ಲಿ ಹಾಕಿದ್ದೆವು ಮಾರಾಯ್ರೇ?

ಮತ್ತೆ ಬ್ಯಾಂಕಿಗೆ ಬರೋಣ. ಮಾಸ್ಕ್ಡ್ ಆಧಾರ್ ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿದರು. ಬೆಳಕಿಗೆ ಹಿಡಿದು ನೋಡಿದರು.

"ಸರ್, ಇದ್ರಲ್ಲಿ ನಂಬರೇ ಕಾಣ್ತಿಲ್ಲ."

"ಕಾಣಬಾರದು ಅಂತಲೇ ಅದನ್ನು ಮಾಡಿರೋದು."

"ಕಾಣದಿದ್ರೆ ಹೆಂಗೆ ಸರ್? ಪ್ರಿಂಟು ಸರಿಯಾಗಿ ಬಂದಿಲ್ಲ, ಬೇರೆ ತನ್ನಿ."

ಅದರ ಮೇಲೆ ನಾನು "ಕೆವೈಸಿಗೆ ಮಾತ್ರ" ಅಂತ ದಿನಾಂಕ ಸಮೇತ ಅಡ್ಡ ಬರೆದಿದ್ದೆ. ದುರುಪಯೋಗ ಆಗದಿರಲಿ ಅಂತ ಹಾಗೆ ಬರೆಯಬೇಕು ಅಂತ ಯಾರೋ ಹೇಳಿದ್ದರು. "ಮೇಲೆಲ್ಲ ಗೀಚಿದ್ದೀರಿ ಸರ್, ಸ್ಕ್ಯಾನಿಂಗ್‌ಗೆ ಬರಲ್ಲ" ಅಂತ ಅದಕ್ಕೂ ಬೈಸಿಕೊಂಡೆ.

ಅವರನ್ನು ಬೈದು ಏನು ಪ್ರಯೋಜನ? ಮೇಲಿನವರದ್ದೇ ಒಂದು ಮಾತಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯಿಂದ ಒಂದು ಪ್ರಕಟಣೆ ಬಂತು. ಆಧಾರ್ ಜೆರಾಕ್ಸ್ ಯಾವ ಸಂಸ್ಥೆಗೂ ಕೊಡಬೇಡಿ, ದುರುಪಯೋಗ ಆಗಬಹುದು, ಬೇಕಿದ್ದರೆ ಮಾಸ್ಕ್ಡ್ ಆಧಾರ್ ಕೊಡಿ ಅಂತ. ಓದಿದವರ ಎದೆ ಧಸಕ್ ಅಂತು. ಅಷ್ಟು ವರ್ಷದಿಂದ ಸಿಮ್ಮಿಗೆ, ಗ್ಯಾಸಿಗೆ, ಲಾಡ್ಜಿಗೆ, ಬಾಡಿಗೆ ಮನೆಗೆ, ಮದುವೆ ಛತ್ರಕ್ಕೆ ಹಂಚಿದ್ದೆಲ್ಲ ಕಣ್ಣ ಮುಂದೆ ಬಂತು. ಮೇ 29ಕ್ಕೆ ಪ್ರಕಟಣೆ ವಾಪಸ್. ಜನ ತಪ್ಪು ತಿಳಿದುಕೊಳ್ಳುವ ಸಾಧ್ಯತೆ ಇದೆಯಂತೆ, ಎಂದಿನ ಎಚ್ಚರಿಕೆ ಇದ್ದರೆ ಸಾಕಂತೆ. ಶುಕ್ರವಾರ ಹುಟ್ಟಿದ ಸತ್ಯ ಭಾನುವಾರ ತೀರಿಕೊಂಡಿತು. ಸೋಮವಾರ ಎಲ್ಲ ಕೌಂಟರುಗಳಲ್ಲೂ ಫ್ರಂಟು, ಬ್ಯಾಕು, ಎರಡೆರಡು ಕಾಪಿ.

ಬುಧವಾರ ಒಂದು ಫೋನ್ ಬಂತು. ಮಾತು ಶುರುವಾಗಿದ್ದೇ ಹಿಂದಿಯಲ್ಲಿ. ಬ್ಯಾಂಕಿನವರಂತೆ. "ಸುರಕ್ಷತೆಯ ದೃಷ್ಟಿಯಿಂದ ನಿಮ್ಮ ಹುಟ್ಟಿದ ದಿನಾಂಕ ಹೇಳಿ" ಅಂದರು. ಯಾರ ಸುರಕ್ಷತೆ? ಫೋನ್ ಮಾಡಿದ್ದು ನೀವು, ನೀವು ಯಾರು ಅಂತ ನೀವು ತೋರಿಸಬೇಕಲ್ವಾ ಅಂದೆ. "ಹೇಳಿದೆನಲ್ಲ ಸರ್, ಬ್ಯಾಂಕಿನವರು ಅಂತ." ಬ್ಯಾಂಕುಗಳು ಖಾತೆ, ವ್ಯವಹಾರದ ವಿಷಯಕ್ಕೆ ಗ್ರಾಹಕರಿಗೆ ಕರೆ ಮಾಡುವುದಾದರೆ 1600ರಿಂದ ಶುರುವಾಗುವ ನಂಬರಿನಿಂದಲೇ ಮಾಡಬೇಕು ಅಂತ 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಇದು ಯಾರದ್ದೋ ಹತ್ತಂಕಿಯ ಮೊಬೈಲು. ಇಟ್ಟುಬಿಟ್ಟೆ. ಮಧ್ಯಾಹ್ನ ವಿಚಾರಿಸಿದರೆ, ಆ ಕರೆ ನಿಜವಾಗಿಯೂ ಬ್ಯಾಂಕಿನದೇ! ಸಹಕರಿಸದ ಗ್ರಾಹಕ ಅಂತ ನನ್ನ ಹೆಸರಿನ ಮುಂದೆ ಬರೆದುಕೊಂಡಿರಬೇಕು.

ಗುರುವಾರ ಇನ್ನೊಂದು ಕರೆ. ಇದು ಶುದ್ಧ ಕನ್ನಡ. "ನಮಸ್ಕಾರ ಸರ್, ಹೇಗಿದ್ದೀರಿ, ಮಾತಾಡೋಕೆ ಪುರುಸೊತ್ತಿದೆಯಾ?" ಇನಿಷಿಯಲ್ ಸಮೇತ ನನ್ನ ಹೆಸರು, ಖಾತೆ ಇರುವ ಬ್ರಾಂಚು, ಕೆವೈಸಿ ಬಾಕಿ ಇರುವುದು, ಎಲ್ಲ ತಪ್ಪಿಲ್ಲದೆ ಹೇಳಿದ. ಎರಡು ಸಲ ಬ್ರಾಂಚಿಗೆ ಅಲೆದಿದ್ದೇನೆ ಅಂದಾಗ ಪಾಪ, ನಿಜವಾಗಿ ನೊಂದುಕೊಂಡ. "ಹಿರಿಯರನ್ನ ಹಿಂಗೆಲ್ಲ ಅಲೆಸಬಾರದು ಸರ್" ಅಂದ. ಕನ್ನಡ ಮಾತಾಡಿ ಅಂತ ಕೌಂಟರಿನಲ್ಲಿ ಜಗಳ ಆಡಿ, ಅದರ ವಿಡಿಯೊ ಊರೆಲ್ಲ ಓಡಾಡುವ ಕಾಲದಲ್ಲಿ ಕೇಳದೆಯೇ ಕನ್ನಡ ಮಾತಾಡಿದ ಏಕೈಕ ಬ್ಯಾಂಕ್ ಪ್ರತಿನಿಧಿ ಇವನು. ಊಟದ ವಿರಾಮ ಇಲ್ಲ, ಸರ್ವರ್ ಡೌನ್ ಇಲ್ಲ, ನಾಳೆ ಬನ್ನಿ ಅನ್ನುವುದಿಲ್ಲ. ಕೊನೆಗೆ ಒಟಿಪಿ ಕೇಳಿದ. ಆಗ ಮಾತ್ರ ಸ್ವಲ್ಪ ಬೇಜಾರಾಯಿತು.

ಒಂದು ವಿಷಯ ಗಮನಿಸಿ. ಇವನು ಒಂದೇ ಒಂದು ಸಲವೂ ಜೆರಾಕ್ಸ್ ಕೇಳಲಿಲ್ಲ. ಯಾಕೆ ಕೇಳುತ್ತಾನೆ? ಅವನ ಹತ್ತಿರ ಆಗಲೇ ಇದೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಅವರಿಗೂ ಇಂಥದ್ದೇ ಕರೆ ಬಂದಿತ್ತು. ವಿಡಿಯೊದಲ್ಲಿ ಪೊಲೀಸ್ ಡ್ರೆಸ್ಸು, ಹಿಂದೆ ಲಾಂಛನ. ಡಿಜಿಟಲ್ ಅರೆಸ್ಟ್ ಅಂದರು. ಕಾನೂನಿನಲ್ಲಿ ಹಾಗೊಂದು ಅರೆಸ್ಟೇ ಇಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ರೇಡಿಯೊದಲ್ಲಿ ಹೇಳಿದ್ದರು. ಮೇಷ್ಟ್ರು ಅದನ್ನೂ ಕೇಳಿದ್ದರಂತೆ. ಆದರೂ ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಫೋನಿನ ಮುಂದೆ ಕೂತರು. ಆಮೇಲೆ ಬ್ಯಾಂಕಿಗೆ ಹೋಗಿ ತಮ್ಮ ಕೈಯಾರೆ ಫಾರಂ ತುಂಬಿ ಇದ್ದಬದ್ದದ್ದೆಲ್ಲ ಕಳಿಸಿದರು. ಜೀವಮಾನದಲ್ಲಿ ಅಷ್ಟು ದೊಡ್ಡ ಮೊತ್ತ ಆ ಖಾತೆಯಿಂದ ಹೊರಗೆ ಹೋಗಿರಲಿಲ್ಲ. ಕೌಂಟರಿನಲ್ಲಿ ಯಾರೂ ಯಾಕೆ ಮೇಷ್ಟ್ರೇ ಅಂತ ಕೇಳಲಿಲ್ಲ. ಫಾರಂ ಸರಿಯಾಗಿ ತುಂಬಿದ್ದರು, ಸಹಿ ಹೊಂದಿಕೆಯಾಗಿತ್ತು.

ಯಾಕೆ ನಂಬಿದಿರಿ ಅಂತ ನಾನೂ ಕೇಳಿದೆ. ಕೇಳಬಾರದಿತ್ತು. "ನನ್ನ ಆಧಾರ್ ನಂಬರು ಗಟಗಟ ಓದಿದ್ರಪ್ಪಾ. ಸರ್ಕಾರದವರಲ್ಲದೆ ಯಾರಿಗೆ ಗೊತ್ತಿರುತ್ತೆ?" ಅಂದರು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವ ಹೊತ್ತಿಗೆ ದುಡ್ಡು ಎಷ್ಟೋ ಖಾತೆ ದಾಟಿತ್ತು. ತಪ್ಪು ನಿಮ್ಮದಲ್ಲದಿದ್ದರೆ, ಬ್ಯಾಂಕಿನದೂ ಅಲ್ಲದಿದ್ದರೆ, 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ನಿಯಮ ಮಾಡಿತ್ತು. ಒಳ್ಳೆಯ ನಿಯಮ. ಆದರೆ ಮೇಷ್ಟ್ರು ತಾವೇ ಕಳಿಸಿದ್ದರಲ್ಲ, ಅದು ಅವರ ಕಡೆ ತಿರುಗಿಯೂ ನೋಡಲಿಲ್ಲ. ಬ್ಯಾಂಕಿನವರು, ಪೊಲೀಸರು, ಸ್ವಂತ ಅಳಿಯ, ಎಲ್ಲರದ್ದೂ ಒಂದೇ ಪ್ರಶ್ನೆ. ಓದಿದವರು, ನಿಮಗೆ ಗೊತ್ತಾಗಲಿಲ್ವಾ? ಆ ನಂಬರು ಕಳ್ಳರ ಕೈಗೆ ಹೇಗೆ ಹೋಯಿತು ಅಂತ ಒಬ್ಬನೂ ಕೇಳಲಿಲ್ಲ. ಬ್ಯಾಂಕು, ಕಚೇರಿಯವರು ಮೂವತ್ತು ಕಡೆ ಜೆರಾಕ್ಸ್ ಕೇಳಿದ್ದಾರೆ, ಕೊಡದಿದ್ದರೆ ಕೆಲಸ ಆಗಲ್ಲ ಅಂದಿದ್ದಾರೆ, ಮೂವತ್ತು ಕಡೆಯೂ ಮೇಷ್ಟ್ರು ಸಹಿ ಹಾಕಿ ಕೊಟ್ಟಿದ್ದಾರೆ. ಕೊಟ್ಟಿದ್ದನ್ನು ಇವರು ಎಲ್ಲಿಟ್ಟರು, ಯಾರು ನೋಡಿದರು, ಯಾವಾಗ ಹರಿದು ಹಾಕಿದರು, ಯಾರನ್ನು ಕೇಳೋಣ? ಮಾಹಿತಿ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಅಂತ 2023ರಲ್ಲಿ ಕಾನೂನು ಆಯಿತು. ಅದಕ್ಕೆ ನಿಯಮ ಬಂದಿದ್ದು 2025ರ ನವೆಂಬರ್‌ನಲ್ಲಿ. ಸಂಸ್ಥೆಗಳು ತಯಾರಾಗಲಿ ಅಂತ ಅಲ್ಲಿಂದ ಮುಂದೆ ಮತ್ತೆ 18 ತಿಂಗಳು. ಮೇಷ್ಟ್ರು ತಯಾರಾಗಲು ಯಾರೂ 18 ನಿಮಿಷ ಕೊಡಲಿಲ್ಲ. ಈಗ ಅವರು ಬೆಳಗಿನ ವಾಕಿಂಗಿಗೆ ಬರುತ್ತಿಲ್ಲ.

ಶುಕ್ರವಾರ ಬ್ಯಾಂಕಿನಿಂದ ಮತ್ತೆ ಮೆಸೇಜ್. ಕೆವೈಸಿಗೆ ಕೊನೆಯ ಅವಕಾಶವಂತೆ. ಜೆರಾಕ್ಸ್ ಅಂಗಡಿಗೆ ಹೋದೆ. ಎಂಟು ಅಂಕಿ ಮುಚ್ಚದ ಪೂರ್ತಿ ಆಧಾರ್ ಕಳಿಸಲು ಮೊಬೈಲ್ ತೆಗೆದೆ.

"ಬೇಡ ಸರ್, ನಿಮ್ದು ಇಲ್ಲೇ ಇದೆ" ಅಂದ ಹುಡುಗ.

ಎರಡು ವರ್ಷದ ಹಿಂದೆ ಬಾಡಿಗೆ ಕರಾರಿಗೆ ಕಳಿಸಿದ್ದಂತೆ. ಹುಡುಕಲು ಅರ್ಧ ನಿಮಿಷವೂ ಆಗಲಿಲ್ಲ. ಪಾಸ್‌ವರ್ಡ್ ಕೇಳುತ್ತಾನೇನೋ ಅಂತ ಕಾದೆ. ಕೇಳಲಿಲ್ಲ. ತಾನೇ ಟೈಪ್ ಮಾಡಿದ.

"ಎರಡು ಸಾಕಾ ಸರ್, ನಾಲ್ಕು ಹೊಡೀಲಾ?"

ಮುಂದಿನ ವಾರ ಗ್ಯಾಸಿನವರೂ ಕೇಳಿದ್ದಾರೆ ಅಂತ ನೆನಪಾಯಿತು. "ನಾಲ್ಕು ಹೊಡಿ" ಅಂದೆ.

"ಬ್ಯಾಕೂ?"

"ಬ್ಯಾಕೂ."