ಒಂದೂಕಾಲು ಕಿಲೋ ಚಟ್ನಿಪುಡಿ

ಹೊರಡುವ ಹಿಂದಿನ ರಾತ್ರಿ ತೂಕದ ಯಂತ್ರವನ್ನು ನಡುಮನೆಗೆ ತಂದಿಟ್ಟುಕೊಂಡು ಇಬ್ಬರೂ ಜಗಳಕ್ಕೆ ಕೂತಿದ್ದೆವು. ನನ್ನ ಬ್ಯಾಗು 12 ಕಿಲೋ, ಇವಳದ್ದು ಹತ್ತೂವರೆ. ಪೆರು, ಬೊಲಿವಿಯಾ, ಮಧ್ಯದಲ್ಲಿ ಒಂದಿಷ್ಟು ಅಮೆಜಾನ್ ಕಾಡು. ಎಲ್ಲವನ್ನೂ ಬೆನ್ನಿನ ಮೇಲೆ ಹೊತ್ತು ತಿರುಗಬೇಕು. ಹತ್ತು ಕಿಲೋ ದಾಟಬಾರದು ಅಂತ ನಾವೇ ಮಾಡಿಕೊಂಡ ಕಾನೂನು. ಅದನ್ನು ಮುರಿದವರೂ ನಾವೇ.

ಇವಳ ಬ್ಯಾಗಿನಲ್ಲಿ ಒಂದು ದೊಡ್ಡ ಡಬ್ಬಿ ಸಿಕ್ಕಿತು. ನಾಲ್ಕೂ ಕಡೆ ಕ್ಲಿಪ್ಪು, ಮುಚ್ಚಳಕ್ಕೆ ರಬ್ಬರ್ ಪಟ್ಟಿ. ಒಳಗೆ ಹುಬ್ಬಳ್ಳಿಯಿಂದ ಬಂದ ಶೇಂಗಾ ಚಟ್ನಿಪುಡಿ, ಒಂದೂಕಾಲು ಕಿಲೋ. ಅತ್ತೆಗೆ ಫೋನ್ ಮಾಡಿ ಮೆಲ್ಲಗೆ ದೂರು ಹೇಳಿದೆ. "ಅಲ್ಲೆ ಏನ್ ಸಿಗತದೋ ಏನೋ, ಇರ್ಲಿ ತಗೊಂಡ್ ಹೋಗ್ರಿ. ಅಷ್ಟೇನ್ ಭಾರ ಆಗಂಗಿಲ್ಲ" ಅಂದರು. ಭಾರ ಆಗೋದು ಯಾರ ಬೆನ್ನಿಗೆ ಅಂತ ಅವರು ಹೇಳಲಿಲ್ಲ.

"ನಿಮ್ಮದೇನು ಐತಿ ತೋರಿಸ್ರಿ ಈಗ" ಅಂತ ಇವಳು ನನ್ನ ಬ್ಯಾಗಿಗೆ ಕೈ ಹಾಕಿದಳು. ನಾನು ಮಲೆನಾಡಿನವನು. ಕಾಡು ಅಂದರೆ ನನಗೆ ಮೊದಲು ನೆನಪಾಗುವುದು ಹುಲಿ ಅಲ್ಲ, ರಕ್ತ ಹೀರುವ ಇಂಬಳ. ಹಾಗಾಗಿ ನಶ್ಯದ ಡಬ್ಬಿ ನಾಲ್ಕು, ಒಂದು ಪೊಟ್ಟಣ ಉಪ್ಪು, ಮೊಣಕಾಲವರೆಗಿನ ದಪ್ಪ ಕಾಲುಚೀಲ ಮೂರು ಜೊತೆ. ಇವಳಿಗೆ ಹಸಿವಿನ ಭಯ, ನನಗೆ ಇಂಬಳದ್ದು. ಕೊನೆಗೆ ಯಾರೂ ಏನನ್ನೂ ಬಿಡಲಿಲ್ಲ. ಇಬ್ಬರಿಗೂ ಒಪ್ಪಿಗೆಯಿದ್ದ ಒಂದೇ ವಸ್ತು ಅಂದರೆ ಹಳದಿ ಜ್ವರದ ಚುಚ್ಚುಮದ್ದಿನ ಹಳದಿ ಪುಸ್ತಕ. ಆ ದೇಶಗಳಿಂದ ಮರಳಿ ಭಾರತಕ್ಕೆ ಇಳಿಯುವಾಗ ಅದನ್ನು ಕೇಳುತ್ತಾರೆ. ಚುಚ್ಚಿಸಿಕೊಂಡು ಹತ್ತು ದಿನ ಆಗಿರಬೇಕು. ಒಂದು ಸಲ ಚುಚ್ಚಿಸಿಕೊಂಡರೆ ಜೀವಮಾನಕ್ಕೆ ಸಾಕು. ತೂಕವೂ ಇಲ್ಲ.

ಪೆರುವಿನ ರಾಜಧಾನಿ ಲಿಮಾ ವಿಚಿತ್ರ ಊರು. ಸಮುದ್ರದ ದಡದಲ್ಲಿದೆ, ಆದರೆ ಮರುಭೂಮಿ. ಜುಲೈನಲ್ಲಿ ದಿನವಿಡೀ ಬೂದು ಮೋಡ, ಮುಖಕ್ಕೆ ಮೆತ್ತುವ ತುಂತುರು. ಅದಕ್ಕೆ ಅಲ್ಲಿನವರು 'ಗರುವಾ' ಅಂತಾರೆ. ನಮ್ಮ ಕಡೆಯವರು ಅದನ್ನು ಮಳೆ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಊರ ಹೊರವಲಯದಲ್ಲಿ ಆಟೋ ಕಂಡು, ಅದರ ಮೇಲೆ ಬಜಾಜ್ ಅಂತ ಬರೆದಿದ್ದು ನೋಡಿ ಇವಳು ಕೈ ಬೀಸಿದಳು, ನೆಂಟರನ್ನು ಕಂಡ ಹಾಗೆ. ಮೋಟೋಟ್ಯಾಕ್ಸಿ ಅಂತ ಹೆಸರು. ಮೀಟರ್ ಇಲ್ಲ, ಹತ್ತುವ ಮೊದಲೇ ರೇಟು ಮಾತಾಡಬೇಕು. ಹೊಸದೇನೂ ಕಲಿಯಬೇಕಾಗಲಿಲ್ಲ. ಅಲ್ಲಿ ಎರಡು ದಿನ ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿ ತಿಂದು, ಡಬ್ಬಿಯ ನಾಲ್ಕೂ ಕ್ಲಿಪ್ಪು ಗಟ್ಟಿಯಾಗಿ ಒತ್ತಿ ಕುಸ್ಕೋಗೆ ಹಾರಿದೆವು.

ಕುಸ್ಕೋ 3,400 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ಮೇಲೆ ಇನ್ನೂ ಮುಕ್ಕಾಲು ಮುಳ್ಳಯ್ಯನಗಿರಿ ಇಟ್ಟರೆ ಹೆಚ್ಚುಕಮ್ಮಿ ಅಷ್ಟಾಗುತ್ತೆ. ವಿಮಾನ ಇಳಿದ ಒಂದು ಗಂಟೆಗೆ ತಲೆಯೊಳಗೆ ಒನಕೆ ಕುಟ್ಟೋಕೆ ಶುರು. ಎತ್ತರಕ್ಕೆ ಹೋದರೆ ಬರುವ ಈ ಕಾಯಿಲೆಗೆ ಅಲ್ಲಿ 'ಸೊರೋಚೆ' ಅಂತ ಹೆಸರು. ವಸತಿಯ ಹೆಂಗಸು ಬಿಸಿನೀರಿಗೆ ಕೋಕಾ ಎಲೆ ಹಾಕಿ ಕೊಟ್ಟು, ಮಲಗಿ, ಜಾಸ್ತಿ ತಿನ್ನಬೇಡಿ ಅಂತ ಸನ್ನೆ ಮಾಡಿದಳು. ತಿನ್ನಬೇಡಿ ಅಂದಿದ್ದಕ್ಕೇ ಇವಳಿಗೆ ಹಸಿವಾಯಿತು. ಬೆಳ್ಳಗಿನ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಡಬ್ಬಿಯ ಒಂದು ಕ್ಲಿಪ್ಪು ಎತ್ತಿದಳು. ಎರಡನೆಯದು ಎತ್ತಿದಳು. ಮೂರನೆಯದಕ್ಕೆ ಕೈ ಹೋಗೋ ಮೊದಲೇ 'ಪಟ್' ಅಂತ ಮುಚ್ಚಳ ಹಾರಿತು.

ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಮೂರನೇ ಎರಡು ಪಾಲು ಮಾತ್ರ. ಡಬ್ಬಿಯೊಳಗೆ ಲಿಮಾದ ಗಾಳಿ, ಹೊರಗೆ ಕುಸ್ಕೋದ ಗಾಳಿ. ಅಂಗಡಿಯಲ್ಲಿ ಚಿಪ್ಸ್ ಪ್ಯಾಕೆಟ್ಟುಗಳು ದಿಂಬಿನ ಹಾಗೆ ಉಬ್ಬಿ ಕೂತಿದ್ದನ್ನು ನೋಡಿ ನಗಾಡಿಕೊಂಡೇ ಬಂದಿದ್ದೆವು. ಬುದ್ಧಿ ಮಾತ್ರ ಬಂದಿರಲಿಲ್ಲ. ಹಾಸಿಗೆ, ದಿಂಬು, ಇವಳ ಮೂಗು, ಎಲ್ಲ ಕೆಂಪು. ಶೇಂಗಾ ಎಣ್ಣೆ ಬಿಡುತ್ತೆ ನೋಡಿ, ಕೊಡವಿದರೆ ಹೋಗಲ್ಲ, ಒರೆಸಿದರೆ ಹರಡುತ್ತೆ. ಇವಳು ಸೀನುತ್ತಿದ್ದಳು. ಒಂದೊಂದು ಸೀನಿಗೂ ತಲೆ ಹಿಡಿದುಕೊಳ್ಳುತ್ತಿದ್ದಳು. ನಾನು ನಗಬಾರದಿತ್ತು. ಆಮೇಲೆ ತಣ್ಣೀರಲ್ಲಿ ಬೆಡ್‌ಶೀಟು ತಿಕ್ಕಿದವನು ನಾನೇ. ನಾಲ್ಕು ಸಲ ತಿಕ್ಕಿದರೆ ಒಂದು ಸಲ ಕೂತು ಉಸಿರು ತಗೋಬೇಕು.

ಮರುದಿನ ಸಾನ್ ಪೆಡ್ರೋ ಮಾರುಕಟ್ಟೆಯ ಜ್ಯೂಸಿನ ಸಾಲಿಗೆ ಹೋದೆವು. ಇವಳು ಪಪ್ಪಾಯಿ ಜ್ಯೂಸು ಕುಡಿದು ಲೋಟ ಕೆಳಗಿಟ್ಟಳು. ಅಂಗಡಿಯವಳು ಮಿಕ್ಸಿಯಲ್ಲಿ ಉಳಿದಿದ್ದನ್ನು ಮತ್ತೆ ಲೋಟಕ್ಕೆ ಸುರಿದಳು. ಕೇಳಿಲ್ಲವಲ್ಲ, ಇದಕ್ಕೂ ದುಡ್ಡು ಹಾಕ್ತಾಳೆ ಅಂತ ನಾನು ಬೇಡ ಬೇಡ ಅಂದೆ. ಅವಳು 'ಯಾಪಾ, ಯಾಪಾ' ಅಂತ ನಕ್ಕಳು. ಪಕ್ಕದಲ್ಲಿದ್ದ ಹುಡುಗ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಕೊಂಡವರಿಗೆ ಮೇಲಿಂದ ಸ್ವಲ್ಪ ಜಾಸ್ತಿ ಕೊಡೋದು, ಅದು ಅಲ್ಲಿನ ಮೂಲನಿವಾಸಿಗಳ ಕೆಚುವಾ ಭಾಷೆಯ ಮಾತು ಅಂತ. "ಅಯ್ಯ, ಕೊಸರು!" ಅಂದಳು ಇವಳು. ಆ ಗಳಿಗೆಯಿಂದ ಇವಳಿಗೆ ಆ ದೇಶದಲ್ಲಿ ಭಯ ಹೋಯಿತು ಅಂತ ನನ್ನ ಅಂದಾಜು. ಕೊಸರು ಕೊಡುವ ಊರಿನಲ್ಲಿ ಯಾರು ಹಸಿದಿರ್ತಾರೆ?

ಕುಸ್ಕೋದಿಂದ ಅಮೆಜಾನ್ ಕಾಡಿನ ಊರು ಪುಯೆರ್ತೋ ಮಾಲ್ದೊನಾದೋಗೆ ರಾತ್ರಿ ಬಸ್ಸು. 4,700 ಮೀಟರಿನ ಘಟ್ಟ ಹತ್ತಿ, ಅಲ್ಲಿಂದ ಸುತ್ತಿ ಸುತ್ತಿ ಇಳಿದು, ಬೆಳಗಾಗುವ ಹೊತ್ತಿಗೆ 200 ಮೀಟರಿಗೆ ಬಂದಿರುತ್ತೆ. ರಾತ್ರಿ ಎರಡು ಸ್ವೆಟರ್ ಹಾಕಿ ಹತ್ತಿದವರು ಬೆಳಿಗ್ಗೆ ಬೆವರು ಒರೆಸುತ್ತಾ ಇಳಿದೆವು. ಅಲ್ಲಿಂದ ದೋಣಿಯಲ್ಲಿ ತಂಬೊಪಾತಾ ನದಿಯ ಗುಂಟ ಒಳಗೆ. ನೀರು ಹಾಲು ಹಾಕಿದ ಚಹಾದ ಬಣ್ಣ.

ಕಾಡಿಗೆ ಕಾಲಿಡುವ ಮೊದಲು ನಾನು ಕಾಲುಚೀಲಕ್ಕೆ ನಶ್ಯ ತಿಕ್ಕಿಕೊಂಡೆ, ಇವಳಿಗೂ ತಿಕ್ಕಿದೆ. ಗೈಡ್ ಏನಿದು ಅಂತ ಕೇಳಿದ. ಆಗುಂಬೆಯಲ್ಲಿ ಇಂಬಳ ಹೇಗೆ ಹತ್ತುತ್ತೆ ಅಂತ ನಾನು ಕೈಬೆರಳನ್ನು ಬಗ್ಗಿಸಿ ನೆಟ್ಟಗೆ ಮಾಡಿ, ಬಗ್ಗಿಸಿ ನೆಟ್ಟಗೆ ಮಾಡಿ ತೋರಿಸಿದೆ. ಅವನು ಗೌರವದಿಂದ ನೋಡಿದ. ಮೂರು ದಿನ ಅಲೆದೆವು. ಒಂದೇ ಒಂದು ಇಂಬಳ ಕಾಣಲಿಲ್ಲ. ಸೊಳ್ಳೆಗಳು ಬಂದವು, ಅವು ನಶ್ಯಕ್ಕೆ ಹೆದರುವ ಜಾತಿಯಲ್ಲ. ಇವಳು ಏನೂ ಅನ್ನಲಿಲ್ಲ. ರಾತ್ರಿ ಊಟ ಆದಮೇಲೆ ನನ್ನ ಬ್ಯಾಗನ್ನು ಒಂದು ಕೈಯಲ್ಲಿ ಎತ್ತಿ, ತೂಗಿ ನೋಡಿ, ಕೆಳಗಿಟ್ಟಳು. ಅನ್ನದೆ ಇದ್ದಿದ್ದೇ ಜಾಸ್ತಿ ಆಯಿತು.

ಒಂದು ಬೆಳಿಗ್ಗೆ ಕತ್ತಲಿರುವಾಗಲೇ ಎಬ್ಬಿಸಿ ನದಿ ದಂಡೆಯ ಮಣ್ಣಿನ ಗೋಡೆ ತೋರಿಸಲು ಕರೆದುಕೊಂಡು ಹೋದರು. ಬಣ್ಣಬಣ್ಣದ ಮಕಾವ್ ಗಿಳಿಗಳು ಬಂದು ಆ ಜೇಡಿ ಕಚ್ಚಿ ತಿನ್ನುತ್ತವೆ. ಅವುಗಳ ಆಹಾರದಲ್ಲಿ ಉಪ್ಪಿನಂಶ ಕಡಿಮೆ, ಅದಕ್ಕೇ ಮಣ್ಣಿಗೆ ಬರುತ್ತವೆ ಅನ್ನುವುದು ಹೆಚ್ಚಿನವರು ಹೇಳುವ ಕಾರಣ. "ಪಾಪ, ಸಪ್ಪನ್ನ ಊಟ" ಅಂದಳು ಇವಳು.

ವಾಪಸು ಬಂದು ತಿಂಡಿಗೆ ಕೂತರೆ, ಡಬ್ಬಿ ತೆಗೆಯೋಕೆ ಬರಲಿಲ್ಲ. ನಾಲ್ಕೂ ಕ್ಲಿಪ್ಪು ಎತ್ತಿದರೂ ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಈ ಸಲ ಒಳಗೆ ಕುಸ್ಕೋದ ತೆಳು ಗಾಳಿ, ಹೊರಗಿನದು ಮೇಲಿಂದ ಒತ್ತಿ ಹಿಡಿದಿತ್ತು. ಡಬ್ಬಿಯ ಹೊಟ್ಟೆಯೂ ಒಳಗೆ ಸೊರಗಿತ್ತು. ನಾನು ಎಳೆದೆ. ಇವಳು ಎಳೆದಳು. ಡಬ್ಬಿ ನಾನು ಹಿಡಿದು ಮುಚ್ಚಳ ಇವಳು ಹಿಡಿದು ಎಳೆದೆವು. ಕೊನೆಗೆ ಗೈಡ್ ಮಚ್ಚು ತಂದ. ಅದೇ ಮಚ್ಚಿನಲ್ಲಿ ಹಿಂದಿನ ದಿನ ಅವನು ಕಾಡಿನ 'ಕಸ್ತಾನ್ಯಾ' ಕಾಯಿ ಒಡೆದು ತೋರಿಸಿದ್ದ. ಅದು ಪೇಟೆಯಲ್ಲಿ ಬ್ರೆಜಿಲ್ ನಟ್ ಅಂತ ಸಿಗುವುದು. ತೆಂಗಿನ ಚಿಪ್ಪಿಗಿಂತ ಗಟ್ಟಿ ಓಡು, ಒಳಗೆ ಕಿತ್ತಳೆ ತೊಳೆಯ ಹಾಗೆ ಒತ್ತಾಗಿ ಜೋಡಿಸಿದ ಹದಿನೈದಿಪ್ಪತ್ತು ಬೀಜ. ಈಗ ಮಚ್ಚಿನ ತುದಿಯನ್ನು ರಬ್ಬರ್ ಪಟ್ಟಿಗೆ ನಾಜೂಕಾಗಿ ತಾಗಿಸಿದ. 'ಸುಸ್' ಅಂತ ಗಾಳಿ ಒಳಗೆ ಹೋಯಿತು. ಹಿಂದೆಯೇ ಬೆಳ್ಳುಳ್ಳಿ ವಾಸನೆ ಹೊರಗೆ ಬಂತು. ಅವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು 'ಮನೀ' ಅಂದ. ಅವರ ಭಾಷೆಯಲ್ಲಿ ಶೇಂಗಾಕ್ಕೆ ಮನೀ ಅಂತಾರೆ.

ಆಗಲೇ ನನಗೆ ಹೊಳೆದಿದ್ದು. ಶೇಂಗಾ ಹುಟ್ಟಿದ್ದೇ ಆ ಕಡೆ, ಬೊಲಿವಿಯಾದ ದಕ್ಷಿಣಕ್ಕೂ ಅರ್ಜೆಂಟೀನಾದ ಉತ್ತರಕ್ಕೂ ನಡುವೆ. ಮೆಣಸಿನಕಾಯಿ ಕುಲದ ಬೇರೂ ದಕ್ಷಿಣ ಅಮೆರಿಕದಲ್ಲೇ. ನಾವು ತಿನ್ನುವ ಜಾತಿಯನ್ನು ಪಳಗಿಸಿದ್ದು ಮೆಕ್ಸಿಕೋದವರು, ನಮ್ಮಲ್ಲಿಗೆ ತಂದದ್ದು ಪೋರ್ಚುಗೀಸರು. ಅವರು ಬರುವ ಮೊದಲು ಬ್ಯಾಡಗಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಇರಲಿಲ್ಲ, ಹುಬ್ಬಳ್ಳಿಯಲ್ಲಿ ಶೇಂಗಾ ಹಿಂಡಿ ಇರಲಿಲ್ಲ. ಅಲ್ಲೇನು ಸಿಗುತ್ತೋ ಏನೋ ಅಂತ ಅತ್ತೆ ಕಟ್ಟಿಕೊಟ್ಟಿದ್ದರಲ್ಲಿ ಬೆಳ್ಳುಳ್ಳಿ, ಜೀರಿಗೆ, ಉಪ್ಪು ಬಿಟ್ಟರೆ ಉಳಿದದ್ದೆಲ್ಲ ತವರಿಗೆ ಹೊರಟಿತ್ತು. ಇವಳಿಗೆ ಹೇಳಿದೆ. "ಹಂಗಂದ್ರ ಇದು ಬಾಣಂತನಕ್ಕ ಬಂದೈತೇನ್ರಿ?" ಅಂದಳು.

ತಿರುಗಿ ಘಟ್ಟ ಹತ್ತಿ, ಟಿಟಿಕಾಕಾ ಸರೋವರದ ದಂಡೆ ಹಿಡಿದು ಬೊಲಿವಿಯಾದ ಲಾ ಪಾಸ್ ಸೇರಿದೆವು. 3,600 ಮೀಟರ್. ಊರೇ ಒಂದು ಬಾಣಲೆ. ತಳದಿಂದ ಅಂಚಿಗೆ ಹೋಗೋಕೆ 2014ರಿಂದ ಕೇಬಲ್ ಕಾರಿನ ತೂಗುಡಬ್ಬಿಗಳು ಓಡಾಡುತ್ತವೆ, ಬಸ್ಸಿನ ಹಾಗೆ. ಬೀದಿಗಳು ಮಾತ್ರ ಕಾಲಿಗೆ ಬಿಟ್ಟಿದ್ದು. ಸೊಂಟಪಟ್ಟಿ, ಎದೆಪಟ್ಟಿ, ಬೆನ್ನಿಗೆ ಗಾಳಿಯಾಡುವ ಜಾಲರಿ ಇರುವ ಸಾವಿರಾರು ರೂಪಾಯಿಯ ಬ್ಯಾಗು ಹೊತ್ತು ನಾನು ಹತ್ತು ಹೆಜ್ಜೆಗೊಮ್ಮೆ ಗೋಡೆ ಹಿಡಿಯುತ್ತಿದ್ದೆ. ಪಕ್ಕದಲ್ಲೇ ಒಬ್ಬ ಅಜ್ಜಿ, ತಲೆಗೆ ದುಂಡು ಟೋಪಿ, ನೆರಿಗೆ ಲಂಗ. ಬಣ್ಣದ ಪಟ್ಟೆಯ 'ಅಗುವಾಯೋ' ಬಟ್ಟೆಯನ್ನು ಎದೆಯ ಮುಂದೆ ಗಂಟು ಹಾಕಿ, ಬೆನ್ನಲ್ಲಿ ಆಲೂಗಡ್ಡೆ ರಾಶಿ ಹೊತ್ತು ದಾಟಿ ಹೋದಳು. ಅವಳ ಸೊಂಟಕ್ಕೆ ಯಾವ ಪಟ್ಟಿಯೂ ಇರಲಿಲ್ಲ.

ಲಾನ್ಸಾ ಮಾರುಕಟ್ಟೆಯಲ್ಲಿ ಶೇಂಗಾ ಸಾರು ಸಿಗುತ್ತೆ, 'ಸೋಪಾ ದೆ ಮನೀ'. ಮಾಂಸ ಇದೆಯಾ ಅಂತ ಕೇಳಿದರೆ ಇಲ್ಲ ಅಂದಳು ಹೋಟೆಲಿನವಳು, ಕೋಳಿ ಮಾತ್ರ. ಅಲ್ಲಿ ಕೋಳಿ ಮಾಂಸದ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಇವಳ ಪಾಲಿಗೆ ಬೇಯಿಸಿದ ಆಲೂಗಡ್ಡೆ, ಜೊತೆಗೆ ಟೊಮೆಟೊ ಮತ್ತು 'ಲೊಕೋತೋ' ಮೆಣಸಿನಕಾಯಿ ಅರೆದ 'ಯಾಹ್ವಾ'. ಅರೆದದ್ದು ಕಲ್ಲಿನ ಮೇಲೆ. ಚಪ್ಪಟೆ ಕಲ್ಲು, ಅದರ ಮೇಲೆ ಅರ್ಧಚಂದ್ರದ ಹಾಗಿರುವ ಇನ್ನೊಂದನ್ನು ಆಚೆಗೆ ಈಚೆಗೆ ತೂಗುತ್ತಾರೆ. ಇವಳು ತನ್ನ ತಟ್ಟೆ ಮರೆತು ಅದನ್ನೇ ನೋಡುತ್ತಾ ಕೂತಳು. ಮೂರು ದಿನ ಅಲ್ಲಿಗೇ ಹೋದೆವು. ಎರಡನೇ ದಿನದಿಂದ ಅವಳು ಇವಳನ್ನು 'ಕಾಸೆರಿತಾ' ಅಂತ ಕರೆದಳು. ಖಾಯಂ ಗಿರಾಕಿಯನ್ನು ವರ್ತನೆಯವರು ಅಂತೀವಲ್ಲ, ಹಾಗೆ.

ಕೊನೆಯ ದಿನ ಡಬ್ಬಿಯ ತಳದಲ್ಲಿ ಒಂದು ಹಿಡಿ ಉಳಿದಿತ್ತು. ಇವಳು ಮುಚ್ಚಳಕ್ಕೆ ಟವೆಲ್ ಸುತ್ತಿ ಹುಷಾರಾಗಿ ತೆಗೆದಳು, ಕುಸ್ಕೋ ನೆನಪಿತ್ತು. ಒಂದು ಚಮಚ ಹೋಟೆಲಿನವಳ ಅಂಗೈಗೆ ಹಾಕಿದಳು. ಅವಳು ಮೂಸಿದಳು. ನಾಲಿಗೆಯ ತುದಿಗೆ ತಾಗಿಸಿದಳು. "ಮನೀ" ಅಂದಳು. ಸ್ವಲ್ಪ ತಡೆದು "ಆಹೋ" ಅಂದಳು, ಅದು ಬೆಳ್ಳುಳ್ಳಿ. ಜೀರಿಗೆ ಹತ್ತಿರ ಬಂದಾಗ ಹುಬ್ಬು ಗಂಟಿಕ್ಕಿತು, ಆಮೇಲೆ ಬಿಟ್ಟಿತು. ಉಳಿದದ್ದನ್ನು ಒಂದೇ ಸಲಕ್ಕೆ ನೆಕ್ಕಿ, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಮತ್ತೆ ಅದೇ ಅಂಗೈಯನ್ನು ಇವಳ ಮುಂದೆ ಚಾಚಿದಳು.

"ಯಾಪಿತಾ" ಅಂದಳು.